ಗೋಡೆಗೆ ತೂಗಿದ ಫಾರ್ಮಸಿಸ್ಟು

ಕೋಟಿನ ತೋಳು ನಾಲ್ಕು ಬೆರಳು ಉದ್ದವಾಗಿತ್ತು. ಎಷ್ಟು ಸಲ ಮಡಚಿದರೂ ಜಾರಿ ಬಂದು ದೇವಕಿಯ ಅಂಗೈ ಮುಚ್ಚುತ್ತಿತ್ತು. ಹೊಲಿದವನು ಸಿದ್ದಾಪುರ ಪೇಟೆಯಲ್ಲಿ ಹೆಸರು ಮಾಡಿದ ದರ್ಜಿಯೇ, ರವಿಕೆಗೆ ಅವನನ್ನು ಬಿಟ್ಟರಿಲ್ಲ. ಆದರೆ ನಲವತ್ತೇಳು ವರ್ಷದ ಹೆಂಗಸಿಗೆ, ಅದೂ ಸೀರೆಯ ಮೇಲೆ ಹಾಕಿಕೊಳ್ಳಲಿಕ್ಕೆ, ಬಿಳಿ ಕೋಟು ಹೊಲಿಯುವ ಪ್ರಸಂಗ ಅವನ ಜೀವಮಾನದಲ್ಲಿ ಬಂದಿರಲಿಲ್ಲ. 'ಸ್ವಲ್ಪ ಧಾರಾಳ ಇರ್ಲಿ ಅಮ್ಮ' ಎಂದವನು ಬಹಳವೇ ಧಾರಾಳ ಮಾಡಿಬಿಟ್ಟಿದ್ದ. ಎದೆಯ ಎಡಕ್ಕೆ ಪಿನ್ನು ಹಾಕಿದ ಪಟ್ಟಿಯಲ್ಲಿ ಅವಳ ಹೆಸರು, ನೋಂದಾಯಿತ ಫಾರ್ಮಸಿಸ್ಟ್ ಎನ್ನುವ ಬಿರುದು, ಕೆಳಗೆ ನಂಬರು. ಮೊದಲ ದಿನವೇ ಒಬ್ಬ ಮುದುಕ ಕೌಂಟರಿಗೆ ಬಂದವನು ಈ ಕೋಟು ಕಂಡದ್ದೇ ತಡ, ಯಾರೂ ಕೇಳದೆ ನಾಲಿಗೆ ಚಾಚಿ 'ಆ' ಎಂದುಬಿಟ್ಟಿದ್ದ. ನಕ್ಕರೆ ಪಾಪ ನಾಚಿಕೊಳ್ಳುತ್ತಾನೆಂದು ದೇವಕಿ ಗಂಭೀರವಾಗಿ ಆ ನಾಲಿಗೆಯನ್ನು ನೋಡಿಯೂ ನೋಡಿದಳು, ಇನ್ನೇನು ಮಾಡಬೇಕಿತ್ತು? ಇವತ್ತಿಗೆ ಎಂಟು ದಿನ. ಈ ಎಂಟು ದಿನದಲ್ಲಿ ಅವಳು ಕೇಳಿಸಿಕೊಂಡ ಮಾತು ಮುಖ್ಯವಾಗಿ ಒಂದೇ: 'ಹೆಗಡೇರು ಇಲ್ವಾ?'

ಹೆಗಡೇರು ಇದ್ದರು. ಕೌಂಟರಿನ ಈಚೆಗೆ, ಗಿರಾಕಿಗಳಿಗೆಂದು ಇಟ್ಟ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ತಮ್ಮದೇ ಅಂಗಡಿಗೆ ನೆಂಟರಾಗಿ ಬಂದವರ ಹಾಗೆ ಕೂತಿದ್ದರು. ದೇವಕಿಯ ಗಂಡ ನಾಗಪತಿ ಹೆಗಡೆ ಇಪ್ಪತ್ತಮೂರು ವರ್ಷ ಈ ಕೌಂಟರಿನ ಆಚೆಗೆ ನಿಂತು ಸಿದ್ದಾಪುರ ತಾಲ್ಲೂಕಿನ ಅರ್ಧಕ್ಕರ್ಧ ಜನರ ಕೆಮ್ಮು, ಕಫ, ಪಿತ್ತ, ಬೆನ್ನುನೋವುಗಳನ್ನು ಬಾಯಿಪಾಠ ಮಾಡಿಕೊಂಡ ಮನುಷ್ಯ. ಆದರೆ ಅವನು ಓದಿದ್ದು ಬಿ.ಕಾಂ., ಅದೂ ಎರಡನೆಯ ವರ್ಷದ ತನಕ. ಫಾರ್ಮಸಿ ಓದಿದವಳು ದೇವಕಿ. ಅಂಗಡಿಯ ಲೈಸೆನ್ಸು ನಿಂತದ್ದು ಅವಳ ಸರ್ಟಿಫಿಕೇಟಿನ ಮೇಲೆ. ಆ ಸರ್ಟಿಫಿಕೇಟು ಫ್ರೇಮಿನೊಳಗೆ, ಮೂಲೆಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳ ಫೋಟೊದ ಸಮೇತ, ಗಣಪತಿಯ ಪಟದ ಪಕ್ಕಕ್ಕೆ ತೂಗುತ್ತಿತ್ತು. ಊದುಬತ್ತಿ ಗಣಪತಿಗೆ ಬೆಳಗಿದ್ದು ಸ್ವಲ್ಪ ಅವಳಿಗೂ ತಾಗುತ್ತಿತ್ತೆಂದು ಕಾಣುತ್ತದೆ, ಗಾಜೆಲ್ಲ ಹೊಗೆ ಹಿಡಿದಿತ್ತು. ಇಷ್ಟು ವರ್ಷ ಅಷ್ಟೇ ಸಾಕಿತ್ತು. ಔಷಧಿ ಕೊಡುವ ಜಾಗದಲ್ಲಿ ಫಾರ್ಮಸಿಸ್ಟು ಖುದ್ದು ಇರಬೇಕೆಂಬ ನಿಯಮ ಹಿಂದೆಯೂ ಇತ್ತು, ಕೇಳುವವರಿರಲಿಲ್ಲ. ಈಗ ಕೇಳುವವರು ಬಂದಿದ್ದಾರೆ. ಕೋಟು ಬೇಕು, ಎದೆಯ ಮೇಲೆ ಹೆಸರು ಬೇಕು, ಚೀಟಿ ನೋಡಿ ಕೊಡಬೇಕು, ಹೇಗೆ ತಗೊಳ್ಳಬೇಕೆಂದು ರೋಗಿಗೆ ತಿಳಿಸಿ ಹೇಳಬೇಕು. ತಪಾಸಣೆಗೆ ಬಂದಾಗ ಫಾರ್ಮಸಿಸ್ಟು ಇಲ್ಲವೆಂದು ಕಂಡರೆ ಲೈಸೆನ್ಸು ಅಮಾನತು. ಅಲ್ಲಿಗೆ ನಾಗಪತಿ ಹೊರಗೆ ಬಂದ, ದೇವಕಿ ಗೋಡೆಯಿಂದ ಇಳಿದು ಒಳಗೆ ಹೋದಳು.

ಒಳಗೆ ಹೋದರೆ ಅದೊಂದು ಬೇರೆಯೇ ರಾಜ್ಯ. ನಾಗಪತಿಯ ಅಂಗಡಿಯಲ್ಲಿ ಔಷಧಿಗಳು ಅಕ್ಷರದ ಪ್ರಕಾರ ಇರಲಿಲ್ಲ, ರೋಗದ ಪ್ರಕಾರವೂ ಇರಲಿಲ್ಲ, ಊರಿನ ಪ್ರಕಾರ ಇದ್ದವು. ಹಳೆಯ ಬಿಸ್ಕಿಟ್ ಡಬ್ಬಿಗಳ ಸಾಲು. ಒಂದರ ಮೇಲೆ ದೊಡ್ಮನೆ, ಒಂದರ ಮೇಲೆ ಕೆಳಗಿನಕೇರಿ, ಒಂದರ ಮೇಲೆ ಬರೀ 'ಬೈರ' ಎಂದು. ಬೈರನಿಗೆ ಸ್ವಂತ ಡಬ್ಬಿ ಸಿಗುವಷ್ಟು ಕಾಯಿಲೆಗಳಿದ್ದವು. ಗಿರಾಕಿ ರಸ್ತೆ ದಾಟುವಾಗಲೇ ನಾಗಪತಿಯ ಕೈ ಡಬ್ಬಿಗೆ ಹೋಗುತ್ತಿತ್ತು. ಅವರು ಬಾಯಿ ತೆರೆಯುವುದರೊಳಗೆ ಗುಳಿಗೆ ಕಾಗದದ ಚೀಲದಲ್ಲಿ ಬಿದ್ದಿರುತ್ತಿತ್ತು. ಯಾರೂ ಚೀಟಿ ತರುತ್ತಿರಲಿಲ್ಲ. ಹಿಂದಿನ ಸಲದ ಗುಳಿಗೆಯ ಖಾಲಿ ಹಾಳೆಯ ತುಂಡನ್ನು ಸೆರಗಿನ ಗಂಟಿನಲ್ಲೋ ಅಂಗಿಯ ಜೇಬಿನಲ್ಲೋ ಇಟ್ಟುಕೊಂಡು ಬರುತ್ತಿದ್ದರು; ಅದನ್ನೂ ಮರೆತವರು ಬರೀ ಮುಖ ತರುತ್ತಿದ್ದರು. ದೇವಕಿಗೆ ಈ ಮುಖಗಳ ಲಿಪಿ ಬರುತ್ತಿರಲಿಲ್ಲ. ಅವಳು ಡಬ್ಬಿ ತೆಗೆಯುವಾಗ ನಾಗಪತಿ ಸ್ಟೂಲಿನ ಮೇಲಿಂದ ಹುಬ್ಬಿನಲ್ಲೇ ದಾರಿ ತೋರಿಸುತ್ತಿದ್ದ: ಅದಲ್ಲ, ಆಚೆಯದು, ಮೇಲಿನದು. ಕೈಯಂತೂ ತೊಡೆಯ ಮೇಲೆ ಒಂದೇ ಸಮನೆ ಕುಣಿಯುತ್ತಿತ್ತು. "ಸುಮ್ನೆ ಕೂತ್ಗಳಿ ನಿಂಗ, ಯಾರಾರೂ ನೋಡಿದ್ರೆ ಎಂತ ಹೇಳ್ತ?" ಎಂದು ದೇವಕಿ ಹಲ್ಲು ಕಚ್ಚಿ ಹೇಳಿದರೆ, "ಯನ್ನ ಹುಬ್ಬಿಗೂ ಲೈಸೆನ್ಸ್ ಬೇಕನೆ?" ಎನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ನಕ್ಕು ಒಳಗೊಳಗೇ ಇಷ್ಟಿಷ್ಟೇ ಸಣ್ಣವಳಾಗುತ್ತಿದ್ದಳು.

ಏನು ಗೊತ್ತಿದೆ ತನಗೆ? ಇದು ಎಂಟು ದಿನದಿಂದ ಅವಳ ತಲೆ ಕೊರೆಯುತ್ತಿದ್ದ ಪ್ರಶ್ನೆ. ಹುಬ್ಬಳ್ಳಿಯಲ್ಲಿ ಓದುವಾಗ ಗೊತ್ತಿತ್ತು, ಖಂಡಿತ ಗೊತ್ತಿತ್ತು. ತರಗತಿಗೇ ಎರಡನೆಯವಳು, ಔಷಧಿಗಳ ಹೆಸರನ್ನು ಗೆಳತಿಯರು ಬಾಯಿಪಾಠ ಹೊಡೆಯುವಾಗ ಅವಳಿಗೆ ಅವು ದೇಹದೊಳಗೆ ಹೊಕ್ಕು ಓಡಾಡುವುದೇ ಕಾಣುತ್ತಿತ್ತು. ಸಂಬಂಧ ನೋಡಲು ಬಂದ ನಾಗಪತಿಯ ಅಪ್ಪ ಜಾತಕಕ್ಕಿಂತ ಮೊದಲು ರಿಜಿಸ್ಟ್ರೇಷನ್ ನಂಬರು ಕೇಳಿದಾಗ ಅವಳಿಗೆ ಹೆಮ್ಮೆಯೇ ಆಗಿತ್ತು, ಓಹೋ, ಓದಿಗೆ ಬೆಲೆ ಕೊಡುವ ಮನೆ! ಬೆಲೆ ಕೊಟ್ಟರು, ಫ್ರೇಮು ಹಾಕಿಸಿದರು. ಮದುವೆಯಾದ ತಿಂಗಳಿಗೆ ಅಂಗಡಿಯ ಪೂಜೆ. ಆವತ್ತು ಅವಳು ಅಂಗಡಿಗೆ ಬಂದು ಪ್ರಸಾದ ತೆಗೆದುಕೊಂಡು ಹೋದಳು. ಆಮೇಲೆ ಮಾವನ ಪಥ್ಯ, ಅತ್ತೆಯ ಮಡಿ, ತನ್ನ ಬಾಣಂತನ, ಮಗಳ ಶಾಲೆ, ಸಂಕಷ್ಟಿ, ಏಕಾದಶಿ. ಅಂಗಡಿ ಮನೆಯಿಂದ ಅರ್ಧ ಮೈಲು. ಕರೆದರೆ ಬರುತ್ತಿದ್ದಳೋ ಏನೋ, ಯಾರೂ ಕರೆಯಲಿಲ್ಲ, ಅವಳೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಆ ಗಾದೆ ಮಾಡಿದವನು ತನ್ನ ಹಿತ್ತಲಿಗೇ ಬಂದು ಮಾಡಿದನೇನೋ ಎಂದು ಅವಳಿಗೆ ಒಮ್ಮೊಮ್ಮೆ ಅನಿಸಿದ್ದುಂಟು. ಅಂಗಡಿಯೇ ಅವಳ ಹತ್ತಿರ ಬರುತ್ತಿತ್ತು, ತಿಂಗಳಿಗೊಮ್ಮೆ, ಖಾಲಿ ಬಿಲ್ಲಿನ ಪುಸ್ತಕಗಳ ಕಟ್ಟಿನ ರೂಪದಲ್ಲಿ. ಫಾರ್ಮಸಿಸ್ಟಿನ ಸಹಿ ಎಂದು ಅಚ್ಚಾದ ಗೆರೆಯ ಮೇಲೆ ನೂರು ಹಾಳೆಗೆ ನೂರು ಸಹಿ. ಊಟವಾದ ಮೇಲೆ ಟೀವಿ ನೋಡುತ್ತ ಮಾಡುತ್ತಿದ್ದಳು. ಮೇಲೆ ಏನು ಬರೆಯುತ್ತಾರೆ, ಯಾರಿಗೆ, ಎಷ್ಟು, ಅದನ್ನು ನೋಡುವ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಸಹಿ ಮಾಡುವಾಗ ಮೇಲೆ ಏನೂ ಇರುತ್ತಿರಲಿಲ್ಲ. ಅವಳ ಸಹಿ ಮಾತ್ರ ಬರಬರುತ್ತ ಬಲು ಚಂದವಾಯಿತು. ಸಾಧನೆ ಎಂದರೆ ಸಾಧನೆ!

ಹೋದ ತಿಂಗಳು ಸಿರ್ಸಿಯಲ್ಲಿ ಒಂದು ದಿನದ ತರಬೇತಿ ಆಯಿತು. ನೋಂದಣಿ ನವೀಕರಿಸಬೇಕಾದರೆ ಅದರ ಪ್ರಮಾಣಪತ್ರ ಬೇಕಂತೆ. ಹೋಗಿ ನೋಡಿದರೆ ಕಲ್ಯಾಣಮಂಟಪದ ತುಂಬ ಹೆಂಗಸರು, ರೇಷ್ಮೆ ಸೀರೆ, ಮಲ್ಲಿಗೆ ದಂಡೆ. ದೇವಕಿಗೆ ತಾನೆಲ್ಲೋ ತಪ್ಪಿ ಉಪನಯನಕ್ಕೆ ಬಂದೆನೇ ಎಂದು ಗಾಬರಿ. ಪಕ್ಕದಲ್ಲಿ ಕೂತ ಕಾವ್ಯಶ್ರೀ ಎನ್ನುವವಳು ಯಲ್ಲಾಪುರದವಳು, ಬಾಯಿಬಡುಕಿ. "ನಿಮ್ಮದು ಎಲ್ಲಿ ತೂಗಿದಾರೆ?" ಎಂದು ಕೇಳಿದಳು. ದೇವಕಿಗೆ ತಿಳಿಯಲಿಲ್ಲ. "ಸರ್ಟಿಫಿಕೇಟು ಕಣ್ರಿ! ನಂದು ಯಲ್ಲಾಪುರದಲ್ಲಿ ಭಾವನ ಅಂಗಡೀಲಿ ತೂಗ್ತಾ ಇದೆ. ಒಂದು ದಿನ ಜ್ವರದ ಗುಳಿಗೆ ತರೋಕೆ ನಾನೇ ಹೋದೆ, ಅಲ್ಲಿ ಕೆಲಸಕ್ಕಿದ್ದವನು ನನ್ನ ಫೋಟೊದ ಕೆಳಗೇ ನಿಂತು, ಚೀಟಿ ತಗೊಂಡ್ಬನ್ನಿ ಅಂತ ನನಗೇ ಹೇಳಿ ಕಳಿಸಿದ." ಸುತ್ತಲಿನ ನಾಲ್ಕು ಸಾಲು ಹೊಟ್ಟೆ ಹಿಡಿದು ನಕ್ಕಿತು. ಆಮೇಲೆ ವೇದಿಕೆಯ ಮೇಲಿನ ಯುವಕ ಮೈಕು ತಟ್ಟಿ, ಈ ವಾರ ತಮ್ಮ ಕೈಯಿಂದ ರೋಗಿಗೆ ಔಷಧಿ ಕೊಟ್ಟವರು ಕೈ ಎತ್ತಿ ಎಂದ. ಮಲ್ಲಿಗೆಯ ಪರಿಮಳವೊಂದು ಬಿಟ್ಟರೆ ಸಭೆಯಲ್ಲಿ ಮತ್ತೇನೂ ಏಳಲಿಲ್ಲ. ಅವನು ತಾನು ಏನೋ ಅಸಭ್ಯವಾದದ್ದನ್ನು ಕೇಳಿದೆನೇನೋ ಎಂಬಂತೆ ಕೆಂಪಾಗಿ ಮುಂದಿನ ಚಿತ್ರ ತೋರಿಸಿದ. ದೇವಕಿ ಊಟಕ್ಕೆ ಕೂತಾಗಲೂ ತನ್ನ ಬಲಗೈಯನ್ನೇ ನೋಡಿಕೊಂಡಳು. ಪಾಯಸ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡಳು, ಆದರೂ ಅವಮಾನ ಹೋಗಲಿಲ್ಲ.

ಹನ್ನೊಂದೂವರೆಗೆ ನಾಗಪತಿಯ ಫೋನು ಹೊಡೆದುಕೊಂಡಿತು. ಔಷಧಿ ವ್ಯಾಪಾರಿಗಳ ಸಂಘದಿಂದ. ತಪಾಸಣೆಯ ಅಂದಾನಪ್ಪ ಸಾಹೇಬರು ಸಿದ್ದಾಪುರಕ್ಕೆ ಬಂದಾಯಿತು, ಮೇಲಿನ ಪೇಟೆಯ ಅಂಗಡಿಯಲ್ಲಿ ಕೂತಿದ್ದಾರೆ, ಅದು ಮುಗಿದರೆ ನಿಮ್ಮದೇ. ನಾಗಪತಿ ಎದ್ದ, ಕೂತ, ಮತ್ತೆ ಎದ್ದು ಸ್ಟೂಲನ್ನು ಕೌಂಟರಿನಿಂದ ಇನ್ನೂ ಒಂದು ಮೊಳ ದೂರ ಎಳೆದ. "ದೇವಕಿ, ಇನ್ನು ಅಲ್ಲಾಡಡ. ನೀರು ಬೇಕಾದ್ರೆ ಆನು ತಂದುಕೊಡ್ತೆ. ಅವು ಬಪ್ಪಾಗ ನೀನು ಅಲ್ಲಿದ್ರೆ ಆತು, ಅಂಗಡಿ ಉಳದಾಂಗೆ." ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಅವನು ಅವಳನ್ನು ಹೀಗೆ ಬೇಡಿಕೊಂಡದ್ದು ಅವಳಿಗೆ ನೆನಪಿರಲಿಲ್ಲ. ಅಯ್ಯೋ ಪಾಪ ಎಂದು ಕರುಳು ಚುರುಕ್ಕೆಂದಿತು, ಅದರ ಬೆನ್ನಿಗೇ, ಈಗ ಬೇಕಾದೆನೋ ನಾನು ಎಂದು ಸಣ್ಣದೊಂದು ಕುಶಿಯೂ ಆಯಿತು. ಕುಶಿಯಾದದ್ದಕ್ಕೆ ನಾಚಿಕೆಯಾಯಿತು. ತೋಳು ಮಡಚಿಕೊಂಡು ನೆಟ್ಟಗೆ ನಿಂತಳು.

ಅದೇ ಹೊತ್ತಿಗೆ ಮಂಜಿ ಬಂದಳು. ದೊಡ್ಮನೆಯಿಂದ ಆಚೆ ಎರಡೆಕರೆ ಗದ್ದೆ ಮಾಡಿಕೊಂಡಿರುವ ಹೆಂಗಸು, ಐವತ್ತೈದರ ಮೇಲೆ. ಮೆಟ್ಟಿಲು ಹತ್ತಿದವಳು ಕೌಂಟರು ಹಿಡಿದು ಸುಧಾರಿಸಿಕೊಂಡು, "ಹೆಗಡೇರೇ, ನನ್ ಕಾಲುನೋವಿನ ಗುಳಿಗೆ" ಎಂದು ಸ್ಟೂಲಿನ ಕಡೆಗೆ ತಿರುಗಿ, ಹಾಳೆಯ ತುಂಡೊಂದನ್ನು ಚಾಚಿದಳು. ನಾಗಪತಿ ಛಾವಣಿ ನೋಡಿದ. "ಇಲ್ಲಿ ಕೊಡು ಮಂಜಿ" ಎಂದು ದೇವಕಿ ಕೈ ನೀಡಿ ಇಸಿದುಕೊಂಡಳು. ಹಾಳೆಯ ಮೇಲಿನ ಹೆಸರು ಓದಿದಳು, ಪ್ರೆಡ್ನಿಸೊಲೋನ್. ಸ್ಟಿರಾಯ್ಡ್. ಕಣ್ಣೆತ್ತಿ ಮಂಜಿಯನ್ನು ನೋಡಿದಳು. ಮುಖ ತುಂಬಿಕೊಂಡು ದುಂಡಗಾಗಿದೆ, ಕೈಕಾಲು ಮಾತ್ರ ಬಡಕಲು, ಮೊಣಕೈಯ ಕೆಳಗೆ ತಾಗಿಸಿಕೊಂಡ ನೆನಪಿಲ್ಲದ ನೇರಳೆ ಕಲೆಗಳು. ಇಪ್ಪತ್ತೈದು ವರ್ಷದ ಹಿಂದಿನ ಪುಸ್ತಕದಲ್ಲಿ, ಈ ಗುಳಿಗೆ ಬಹುಕಾಲ ನುಂಗಿದವರ ಚಿತ್ರವಿದ್ದ ಬಲಗಡೆಯ ಪುಟ ಎದ್ದು ಬಂದು ಕೌಂಟರಿನ ಆಚೆಗೆ ನಿಂತಿತ್ತು. ದೇವಕಿಗೆ ಮೈ ಜುಮ್ಮೆಂದಿತು. ಗೊತ್ತಿದೆ! ತನಗೆ ಗೊತ್ತಿದೆ!

"ಎಷ್ಟು ವರ್ಷಾತು ಇದನ್ನು ತಗಳ್ತಾ ಇದ್ದು?"

"ಆರಾತು ಅಮ್ಮ. ಆಗ ಡಾಕ್ಟ್ರು ಐದ್ ದಿವ್ಸಕ್ಕೆ ಬರ್ದಿದ್ರು. ಆಮೇಲೆ ಹೆಗಡೇರೇ ಕೊಡ್ತಾರೆ. ಇದು ನುಂಗಿದ್ರೆ ಗದ್ದೆಗೆ ಇಳೀತೆ, ಇಲ್ದಿರೆ ಹಾಸಿಗೆ. ದೇವ್ರಂಥ ಮನ್ಷ ಬಿಡಿ ನಿಮ್ಮ ಯಜಮಾನ್ರು."

ಐದು ದಿನದ್ದು ಆರು ವರ್ಷ. ದೇವಕಿ ಗಂಡನತ್ತ ನೋಡಿದಳು. "ಮಂಜಿಗೆ ಅದೇ ಹಿಡಿಸ್ತು" ಎಂದ ಅವನು, ತಣ್ಣಗೆ. "ಸಿರ್ಸಿಗೆ ಹೋಗಿ ದೊಡ್ಡ ಡಾಕ್ಟ್ರಿಗೆ ತೋರಿಸು ಅಂದ್ರೆ ಗದ್ದೆ ಯಾರು ನೋಡ್ತ? ಆನು ಎಂತ ವಿಷ ಕೊಟ್ಟಿದ್ನ?" ಅವನು ನಿಜವಾಗಿಯೂ ದೇವರಂಥವನೇ, ಅದೇ ತೊಂದರೆ. ನೋವು ಎಂದವರನ್ನು ಬರಿಗೈಯಲ್ಲಿ ಕಳಿಸಲು ಅವನಿಂದ ಆಗುತ್ತಿರಲಿಲ್ಲ. ಆದರೆ ಈಗ ಮೇಲಿನ ಪೇಟೆಯಲ್ಲಿ ಸಾಹೇಬರು, ಎದೆಯ ಮೇಲೆ ತನ್ನ ಹೆಸರು, ಎದುರಿಗೆ ಎದ್ದು ನಿಂತ ಪುಸ್ತಕದ ಪುಟ. ಎಂಟು ದಿನ ಹುಬ್ಬಿನ ಅಪ್ಪಣೆಯಂತೆ ಕುಣಿದ ದೇವಕಿ ಮೊದಲ ಸಲ ಹುಬ್ಬು ನೋಡಲಿಲ್ಲ. "ಇದನ್ನು ಚೀಟಿ ಇಲ್ಲದೆ ಕೊಡೋಕಾಗೂದಿಲ್ಲ ಮಂಜಿ. ಇದು ಮೈಗೆ ಒಳ್ಳೇದಲ್ಲ, ನಿಲ್ಲಿಸಿಬಿಡು. ಆಸ್ಪತ್ರೆಗೆ ಹೋಗಿ ಬರೆಸಿಕೊಂಡು ಬಾ." ಮಂಜಿ ಏನೇನೋ ಹೇಳಿದಳು. ಗುಳಿಗೆ ಮೊನ್ನೆಗೇ ಮುಗಿದಿದೆ, ತಲೆ ತಿರುಗುತ್ತದೆ, ಇವತ್ತು ಎರಡು ಸಲ ವಾಂತಿ ಬಂದ ಹಾಗಾಯಿತು, ಹನ್ನೆರಡೂಕಾಲಿನ ಬಸ್ಸು ತಪ್ಪಿದರೆ ಮೂರೂವರೆಯ ತನಕ ಇಲ್ಲ, ಆಸ್ಪತ್ರೆಯಲ್ಲಿ ಸಾಲು ನಿಲ್ಲಲು ಆಗುವುದಿಲ್ಲ. ದೇವಕಿ ಒಂದಕ್ಕೂ ಬಗ್ಗಲಿಲ್ಲ. ಮಂಜಿ ಸ್ಟೂಲಿನ ಕಡೆ ಒಮ್ಮೆ ನೋಡಿ, "ಹೆಗಡೇರಿದ್ದಾಗ ಹಿಂಗಿರ್ಲಿಲ್ಲ ಬಿಡಿ" ಎಂದು ಇಳಿದು ಹೋದಳು.

ಹೋಗಲಿ. ದೇವಕಿಯ ಎದೆ ಉಬ್ಬಿತ್ತು. ಸಿರ್ಸಿಯ ಆ ಯುವಕ ಈಗ ಬಂದು ಕೇಳಲಿ, ಎರಡೂ ಕೈ ಎತ್ತುತ್ತೇನೆ. ದೊಡ್ಮನೆಯ ಡಬ್ಬಿ ತೆಗೆದು ಆ ಗುಳಿಗೆಯ ಹಾಳೆಗಳನ್ನೆಲ್ಲ ಬೇರೆ ಮಾಡಿದಳು. ಮಾಡುತ್ತ ಮಾಡುತ್ತ ಆರು ವರ್ಷ, ತಿಂಗಳಿಗೆ ಒಂದು ಬಿಲ್ಲು ಎಂದರೂ ಎಪ್ಪತ್ತೆರಡು ಸಹಿ ಎಂದು ತಲೆ ತನ್ನಷ್ಟಕ್ಕೆ ಹೇಳಿತು. ಎಪ್ಪತ್ತೆರಡು ಸಲ ತಾನೇ ಕೊಟ್ಟಿದ್ದೇನೆ. ಯಾವ ಧಾರಾವಾಹಿ ನೋಡುತ್ತಿದ್ದೆ ಆಗ? ಎದೆ ಎಷ್ಟು ಬೇಗ ಉಬ್ಬಿತ್ತೋ ಅಷ್ಟೇ ಬೇಗ ಇಳಿಯಿತು. ತನ್ನ ಮದುವೆಯಲ್ಲಿ ಇದೇ ಮಂಜಿ ಹೊರೆ ಬಾಳೆಎಲೆ ಹೊತ್ತು ತಂದು ಅಂಗಳದಲ್ಲಿ ಇಳಿಸಿ, ಹೊಸ ಮದುಮಗಳ ಗಲ್ಲ ಹಿಡಿದು ನೋಡಿದ್ದಳು, ತೊಲೆಯಂಥ ತೋಳು ಆಗ. ನಾಗಪತಿ ಮುಖ ಊದಿಸಿಕೊಂಡು ರಸ್ತೆಯ ಕಡೆ ನೋಡುತ್ತಿದ್ದವನು ತನ್ನಷ್ಟಕ್ಕೆ ಗೊಣಗಿದ. "ಪಾಪದ್ದು, ಮೊನ್ನೆಂದ ಗುಳಿಗೆ ತಗಂಜಿಲ್ಲೆ ಹೇಳ್ತು. ತೂರಾಡ್ತಾ ಹೋತು ನೋಡು."

ಗುಳಿಗೆ ನಿಂತಿದೆ. ತಲೆ ತಿರುಗುತ್ತದೆ. ವಾಂತಿ. ದೇವಕಿಯ ಕೈಯಲ್ಲಿದ್ದ ಹಾಳೆ ಹಾಗೇ ನಿಂತಿತು. ಹುಬ್ಬಳ್ಳಿಯ ಕಾಲೇಜಿನಲ್ಲಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಮುದಿ ಮೇಷ್ಟರು ಸುಣ್ಣದಕಡ್ಡಿಯ ಡಬ್ಬಿಯಿಂದ ಮೇಜು ಕುಟ್ಟಿದರು. 'ಈ ಗುಳಿಗಿ ಚಾಲೂ ಮಾಡೂದು ಯಾರ ಬೇಕಾದ್ರೂ ಮಾಡ್ತಾರ. ನಿಲ್ಲಸಾಕ ಶಾಣ್ಯಾರು ಬೇಕು. ಭಾಳ ದಿನ ತಗೊಂಡಾಂವಂಗ ಒಮ್ಮಿಗೇ ನಿಲ್ಲಿಸಿದ್ರ, ಮನಷ್ಯಾ ಕುಂತಲ್ಲೇ ಕುಸೀತಾನ. ಪರೀಕ್ಷಾಕ್ಕ ಬರ್ತೈತಿ, ಬರಕೋರಿ.' ಪರೀಕ್ಷೆಗೆ ಬಂದಿತ್ತು. ಅವಳು ಬರೆದಿದ್ದಳು, ಪೂರ್ತಿ ಅಂಕ ಬಂದಿತ್ತು. ದೇಹವೇ ತಯಾರಿಸಬೇಕಾದ್ದನ್ನು ಗುಳಿಗೆಯೇ ಕೊಡುತ್ತ ಹೋದರೆ ದೇಹ ಆ ಕೆಲಸ ಮರೆಯುತ್ತದೆ. ಗುಳಿಗೆಯನ್ನು ಮೆಲ್ಲಮೆಲ್ಲಗೆ ಇಳಿಸಿ ದೇಹಕ್ಕೆ ಕೆಲಸ ನೆನಪಿಸಬೇಕು. ತಾನು ಏನು ಹೇಳಿದೆ? ನಿಲ್ಲಿಸಿಬಿಡು ಎಂದೆ. ಏನು ಗತ್ತಿನಲ್ಲಿ ಹೇಳಿದೆ! ಥೂ ನನ್ನ ಜನ್ಮಕ್ಕಿಷ್ಟು. ಆರು ವರ್ಷ ಕಣ್ಣು ಮುಚ್ಚಿ ಕೊಟ್ಟದ್ದು ಒಂದು ತಪ್ಪು, ಇವತ್ತು ಕಣ್ಣು ತೆರೆದು ಕೊಡದೇ ಇದ್ದದ್ದು ಅದಕ್ಕಿಂತ ದೊಡ್ಡದು. ಗೋಡೆಯ ಗಡಿಯಾರ ಹನ್ನೆರಡು ದಾಟಿ ಎಂಟು ನಿಮಿಷ ತೋರಿಸುತ್ತಿತ್ತು.

ಅವಳು ಹಾಳೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಕೌಂಟರಿನ ಅಡ್ಡಹಲಗೆ ಎತ್ತಿದಳು.

"ಎಲ್ಲಿಗೆ?" ನಾಗಪತಿ ಎದ್ದು ನಿಂತ.

"ಮಂಜಿನ್ನ ಇಳಿಸಕ್ಕು. ಬಸ್ಸು ಹೋಪ ಮುಂಚೆ."

"ಮರುಳನೆ ನಿಂಗೆ! ಸಾಹೇಬ್ರ ಜೀಪು ಅಲ್ಲೇ ಇದ್ದು, ನೋಡು, ಕಾಣ್ತು! ನೀನು ಈಗ ಹೋದ್ರೆ ಅಂಗಡಿ ಹೋತು, ತಿಳತ್ತ?" ಅವನು ದಾರಿಗೆ ಅಡ್ಡ ಕೈ ಚಾಚಿದ. ಅವಳಿಗೂ ಹೆದರಿಕೆಯಾಯಿತು. ಈ ಅಂಗಡಿಯಲ್ಲಿ ಮಗಳ ಓದಿದೆ, ಮಾವನ ಹೆಸರಿದೆ, ಈ ಮನುಷ್ಯನ ಇಡೀ ಆಯುಷ್ಯವೇ ಇದೆ.

"ಮಂಜಿ ದಾರಿಲಿ ಬಿದ್ದು ಸತ್ತರೆ ಎಂತ ಮಾಡ್ತ್ರಿ?" ಎಂದಳು ದೇವಕಿ. ಅವನ ಕೈ ತಾನಾಗಿ ಕೆಳಗಿಳಿಯಿತು. ಅವಳು ಮೆಟ್ಟಿಲಿಳಿದಳು.

ಮೊದಮೊದಲು ನಡೆದಳು, ಆಮೇಲೆ ಓಡಿದಳು. ಪೇಟೆಯ ಬೀದಿಯಲ್ಲಿ ಓಡಿ ಅವಳಿಗೆ ಮೂವತ್ತು ವರ್ಷವಾಗಿತ್ತು. ಕೋಟು ಗಾಳಿ ತುಂಬಿಕೊಂಡು ಎರಡೂ ಕಡೆ ಹಾರುತ್ತಿತ್ತು, ಒಂದು ಕೈಯಲ್ಲಿ ನೆರಿಗೆ, ಇನ್ನೊಂದು ಕೈಯಲ್ಲಿ ಜೇಬು. ಕಿರಾಣಿ ಅಂಗಡಿಯವನು ಬೇಳೆ ಅಳೆಯುವುದನ್ನು ನಿಲ್ಲಿಸಿ ನೋಡಿದ. 'ಎಂತಾತ್ರೀ ಅಮ್ಮಾ?' ಎಂದು ಯಾರೋ ಕೂಗಿದರು. ಅವಳು ಹೊರಟ ಬಸ್ಸಿನ ಎದುರಿಗೇ ಹೋಗಿ ಕೈ ಅಡ್ಡ ಹಿಡಿದು ನಿಂತುಬಿಟ್ಟಳು. ಬ್ರೇಕು ಕಿರ್ರೆಂದಿತು. ಡ್ರೈವರು ಬೈಯಲು ಬಾಯಿ ತೆರೆದವನು ಬಿಳಿ ಕೋಟು ಕಂಡು, "ಡಾಕ್ಟ್ರು ಕಣೋ, ಬಾಗ್ಲು ತೆಗಿ" ಎಂದ. ಮಂಜಿ ಮೂರನೆಯ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿ ಬೆವರುತ್ತಿದ್ದಳು. ತುಟಿ ಬಿಳಿಚಿತ್ತು.

"ಇಳಿ ಮಂಜಿ. ನಾನು ತಪ್ಪು ಹೇಳಿದೆ."

"ಎಂತ ತಪ್ಪು? ಬಸ್ ಹೋಗ್ತದಲ್ರಾ ಅಮ್ಮ."

"ಹೋಗ್ಲಿ. ಗುಳಿಗೆ ನಿಲ್ಲಿಸಿಬಿಡು ಅಂದೆನಲ್ಲ, ಅದು ತಪ್ಪು. ಒಮ್ಮೆಲೇ ನಿಲ್ಲಿಸಬಾರ್ದು. ನನ್ ಸಂಗಡ ಆಸ್ಪತ್ರೆಗೆ ಬಾ, ಸಾಲಿನಲ್ಲಿ ನಾನು ನಿಲ್ತೆ."

ಬಸ್ಸಿನ ತುಂಬ ಜನ ಕೇಳುತ್ತಿದ್ದರು. ಅಷ್ಟು ಜನರ ಎದುರಿಗೆ ತಪ್ಪು ಎನ್ನುವ ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ದೇವಕಿಗೇ ಆಶ್ಚರ್ಯವಾಯಿತು. ಮಂಜಿ ಇಳಿಯುವಾಗ ಅವಳ ಮೇಲೆಯೇ ಪೂರ್ತಿ ಭಾರ ಬಿಟ್ಟಳು.

ಆಸ್ಪತ್ರೆಯಲ್ಲಿ ಸಾಲಿತ್ತು, ಆದರೆ ಮಂಜಿ ಬಾಗಿಲ ಬಳಿ ಕುಸಿದು ಕೂತದ್ದನ್ನು ಕಂಡವರು ತಾವೇ ದಾರಿ ಬಿಟ್ಟರು. ಡಾಕ್ಟರ್ ರೋಹಿಣಿ ಚಿಕ್ಕ ವಯಸ್ಸಿನವಳು, ದೇವಕಿಯ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ರಕ್ತದೊತ್ತಡ ನೋಡಿ ತುಟಿ ಬಿಗಿದುಕೊಂಡಳು. ಮಂಚದ ಮೇಲೆ ಮಲಗಿಸಿ, ಸೂಜಿ ಚುಚ್ಚಿ, ಬಾಟಲಿ ಏರಿಸಿ, ಆಮೇಲೆ ಕೇಳಿದಳು. "ಆರು ವರ್ಷದಿಂದ ಯಾರು ಬರೆದುಕೊಡ್ತಿದ್ದರು?" ಮಂಜಿ ಆ ಸ್ಥಿತಿಯಲ್ಲೂ ಹೆಮ್ಮೆಯಿಂದ, "ನಮ್ ಹೆಗಡೇರು!" ಎಂದಳು. ದೇವಕಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಾಯಿ ಬಿಡಲಿಲ್ಲ ಭೂಮಿ, ಅವಳೇ ಬಿಟ್ಟಳು. "ನಮ್ಮ ಅಂಗಡಿಯಿಂದ ಡಾಕ್ಟ್ರೆ. ಚೀಟಿ ಇರಲಿಲ್ಲ. ಬಿಲ್ಲಿನ ಮೇಲೆಲ್ಲ ನನ್ನ ಸಹಿ ಇದೆ." ರೋಹಿಣಿ ಅವಳ ಎದೆಯ ಮೇಲಿನ ಪಟ್ಟಿಯನ್ನು ಓದಿದಳು, ನಂಬರಿನ ಸಮೇತ. ಬೈಯುತ್ತಾಳೆಂದು ದೇವಕಿ ಕಾದಳು. ಬೈದಿದ್ದರೆ ಚೆನ್ನಾಗಿತ್ತು. "ಹಾಗೇ ಬಸ್ಸಿನಲ್ಲಿ ಹೋಗಿಬಿಟ್ಟಿದ್ದರೆ ನನ್ನ ಕೈಗೆ ಸಿಗ್ತಿರಲಿಲ್ಲ ಇವರು" ಎಂದಷ್ಟೇ ಹೇಳಿ ಚೀಟಿ ಬರೆದಳು. ಈ ಎರಡು ವಾರ ಇಷ್ಟು, ಆಮೇಲೆ ಇಷ್ಟು, ಪ್ರತಿಸಲವೂ ತೋರಿಸಿ ಇಳಿಸುವುದು, ತಿಂಗಳುಗಟ್ಟಲೆ ಹಿಡಿಯುತ್ತದೆ. ಸಕ್ಕರೆ ಅಂಶವೂ ಏರಿತ್ತು, ಅದಕ್ಕೊಂದು. "ಹೇಗೆ ತಗೊಳ್ಳಬೇಕು ಅಂತ ಬಿಡಿಸಿ ಹೇಳ್ತೀರಲ್ಲ?" ಎಂದಳು. "ಹೇಳ್ತೇನೆ" ಎಂದಳು ದೇವಕಿ.

ಸಂಜೆಯ ತನಕ ಮಂಜಿ ಅಲ್ಲೇ ಇರಬೇಕಿತ್ತು. ದೇವಕಿ ಚೀಟಿ ಹಿಡಿದು ಬಿಸಿಲಲ್ಲಿ ವಾಪಸು ಬರುವಾಗ ಎದೆಯಲ್ಲಿ ಹೆದರಿಕೆ ಇತ್ತು, ಆದರೂ ಹೆಜ್ಜೆ ಮಾತ್ರ ಹಗುರವಾಗಿತ್ತು. ಎಷ್ಟೋ ವರ್ಷದ ನಂತರ ತಾನು ಎಲ್ಲಿಗೋ ಹೋಗಿ ಏನೋ ಮಾಡಿ ಬರುತ್ತಿದ್ದೇನೆ. ಬದಿಯಲ್ಲಿ ಯಾರೋ ನಮಸ್ಕಾರ ಎಂದರು, ಯಾರೆಂದು ತಿಳಿಯದೆ ಇವಳೂ ನಮಸ್ಕಾರ ಎಂದಳು.

ಅಂಗಡಿಯ ಎದುರಿಗೆ ಜೀಪು ನಿಂತಿತ್ತು. ಸ್ಟೂಲಿನ ಮೇಲೆ ಅಂದಾನಪ್ಪ ಸಾಹೇಬರು ಮಜ್ಜಿಗೆಯ ಲೋಟ ಹಿಡಿದು ಕೂತಿದ್ದರು. ಹಾವೇರಿಯ ಕಡೆಯವರು, ದಪ್ಪ ಮೀಸೆ, ನಿವೃತ್ತಿಗೆ ಹತ್ತಿರವಾದ ಮನುಷ್ಯನ ದಣಿದ ಕಣ್ಣು. ಮೂರು ಜನ ಗಿರಾಕಿಗಳು ಔಷಧಿಗೆ ಕಾದು ನಿಂತಿದ್ದರು. ನಾಗಪತಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವರ ಪಕ್ಕದಲ್ಲಿ ನಿಂತಿದ್ದ. ಗುಳಿಗೆಯ ಒಂದು ಹಾಳೆಯನ್ನೂ ಅವನು ಮುಟ್ಟಿರಲಿಲ್ಲ.

"ಬರ್ರಿ ಮೇಡಮ್ಮಾರ, ಬರ್ರಿ" ಎಂದರು ಅಂದಾನಪ್ಪ. "ನಿಮ್ಮ ಸಲುವಾಗೇ ಕುಂತೀನಿ. ಊಟಕ್ಕ ಹೋಗ್ಯಾರ ಅಂದ್ರು ಯಜಮಾನ್ರು. ಊಟ ಆತೇನ್ರಿ?"

ದೇವಕಿ ಗಂಡನ ಮುಖ ನೋಡಿದಳು. ಅವನು ಕಣ್ಣಿನಲ್ಲೇ ಬೇಡುತ್ತಿದ್ದ. "ಊಟ ಆಗಲಿಲ್ಲ" ಎಂದಳು. "ಒಬ್ಬ ರೋಗೀನ ಕರಕೊಂಡು ಆಸ್ಪತ್ರೆಗೆ ಹೋಗಿದ್ದೆ." ಚೀಟಿಯನ್ನು ಅವರ ಮುಂದೆ ಹಿಡಿದು, ನಡೆದದ್ದನ್ನೆಲ್ಲ ಹೇಳಿದಳು, ಆರು ವರ್ಷದ ಗುಳಿಗೆಯನ್ನೂ ಸೇರಿಸಿ. ನಾಗಪತಿ ಕಣ್ಣು ಮುಚ್ಚಿಕೊಂಡ. ಅಂದಾನಪ್ಪನವರು ಮಜ್ಜಿಗೆಯ ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, ಬಹಳ ಹೊತ್ತು ಆ ಚೀಟಿಯನ್ನು ಓದಿದರು. ಆಮೇಲೆ ತೊಡೆಯ ಮೇಲಿನ ಛಾಪಿಸಿದ ನಮೂನೆಯನ್ನು ತಿರುವಿದರು.

"ನೋಡ್ರಿ ತಾಯಿ, ಮೂವತ್ತು ವರ್ಷ ಆತು ನನ್ನ ಸರ್ವೀಸು. ನೀವು ಮಾಡಿದ್ದು ಭಾಳ ಚಲೋ ಕೆಲಸ. ಆದ್ರ ನಾ ಬಂದಾಗ ನೀವು ಇರಲಿಲ್ಲ. ಇಲ್ಲೊಂದು ಕಲಂ ಐತಿ, ತುಂಬಬೇಕಾಗ್ತೈತಿ. ಫಾರ್ಮಸಿಸ್ಟು ಎಷ್ಟ ಹೊತ್ತಿನಿಂದ ಗೈರು ಅಂತ." ದನಿ ತಗ್ಗಿಸಿದರು. "ಒಂದ್ ತಾಸು ಅಂತ ಬರದು, ಕಾರಣ ತುರ್ತು ಅಂತ ಹಾಕಿ, ಒಂದು ತಾಕೀತಿನ ಮ್ಯಾಲೆ ಮುಗಿಸಿಬಿಡ್ತೀನಿ. ಉಳದದ್ದು ನಾ ಕೇಳಿಲ್ಲ, ನೀವು ಹೇಳಿಲ್ಲ. ಆಗಬಹುದಲ್ಲ?"

ಆಗಬಹುದಿತ್ತು. ಹೂಂ ಎಂದರೆ ಸಾಕಿತ್ತು. ಇದೂ ಒಂದು ಸಹಿಯೇ ತಾನೆ, ಹಾಕಿದರೆ ಮುಗಿಯಿತು, ಅಂಗಡಿ ಉಳಿಯಿತು, ಗಂಡನ ಜೀವಕ್ಕೆ ನೆಮ್ಮದಿಯಾಯಿತು. ದೇವಕಿಗೆ ಹೂಂ ಎನ್ನಬೇಕೆಂದೇ ಇತ್ತು. ಅವಳು ಬಾಯಿ ತೆರೆದಳು.

"ಈ ಒಂದು ತಾಸು ನಾನು ಇದ್ದೆ ಸರ್" ಎಂದಳು. "ಅದಕ್ಕಿಂತ ಮುಂಚೆ ಇಪ್ಪತ್ತಮೂರು ವರ್ಷ ಇರಲಿಲ್ಲ."

ಅಂದಾನಪ್ಪನವರ ಪೆನ್ನು ಕಾಗದದ ಮೇಲೆ ನಿಂತಿತು. ಅವರು ನಾಗಪತಿಯ ಕಡೆ ತಿರುಗಿದರು. ಅವನು ಕಣ್ಣು ತೆರೆದಿದ್ದ. ಅವಳನ್ನು ಹೊಸಬಳನ್ನು ನೋಡುವ ಹಾಗೆ ನೋಡುತ್ತಿದ್ದ, ಸಿಟ್ಟಿತ್ತು, ದುಃಖವಿತ್ತು, ಇನ್ನೂ ಏನೋ ಇತ್ತು.

"ಬರಕಳಿ ಸಾಹೇಬ್ರೆ" ಎಂದ. "ಅವಳು ಹೇಳಿದ್ದು ಖರೆ."

ಅಂದಾನಪ್ಪನವರು ಪೆನ್ನಿಗೆ ಟೊಪ್ಪಿಗೆ ಹಾಕಿ ಜೇಬಿಗಿಟ್ಟರು. "ಬರೀತೀನಿ. ಬರೀದ ಏನ್ ಮಾಡ್ಲಿ" ಎಂದರು. "ಆದ್ರ ಮೊದಲ ಆ ಹೆಣ್ಮಗಳ ಗುಳಿಗಿ ಕೊಟ್ಟು ಕಳಸ್ರಿ. ಅಲ್ಲೀತನಕಾ ಕೂಡ್ತೀನಿ."

ದೇವಕಿ ಅಡ್ಡಹಲಗೆ ಎತ್ತಿ ಒಳಗೆ ಹೋದಳು. ಚೀಟಿಯನ್ನು ಎರಡು ಸಲ ಓದಿದಳು. ಗುಳಿಗೆ ಎಣಿಸುವಾಗ ಒಂದೂ ಹೆಚ್ಚುಕಮ್ಮಿಯಾಗಲಿಲ್ಲ.